ಬೆಕ್ಕು ನನ್ನದು, ಡಬ್ಬಿ ನನ್ನದು

ನನ್ನ ನೆಗೆಣ್ಣಿಯನ್ನು, ಅಂದರೆ ನನ್ನ ಮೈದುನನ ಹೆಂಡತಿಯನ್ನು, ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮುಚ್ಚಿಟ್ಟು ಬರೆಯಲು ಕೂತರೆ ಮೊದಲ ಸಾಲಿಗೇ ನಿಂತುಬಿಡುತ್ತೇನೆ. ಅವಳು ನನಗಿಂತ ಚೆಲುವೆ ಎಂದಲ್ಲ. ಅವಳ ಕೈಗೆ ಹತ್ತಿದ್ದೆಲ್ಲ ತಾನಾಗಿಯೇ ಆಗಿಬಿಡುತ್ತಿತ್ತು, ಅದು ನನ್ನನ್ನು ಸುಡುತ್ತಿತ್ತು. ನಾನು ಮೈಯೆಲ್ಲ ಕಣ್ಣಾಗಿ ತಟ್ಟಿದ ರೊಟ್ಟಿ ಅಂಚಿನಲ್ಲಿ ಬಿರಿಯುತ್ತಿತ್ತು. ಅವಳು ಊರ ಸುದ್ದಿ ಮಾತಾಡುತ್ತ ತಟ್ಟಿದ್ದು ಹಂಚಿನ ಮೇಲೆ ಉಬ್ಬಿ ನಿಲ್ಲುತ್ತಿತ್ತು. ನಾನು ಹೆಪ್ಪು ಹಾಕಿದರೆ ನೀರು ಬಿಟ್ಟ ಮೊಸರು, ಅವಳು ಹಾಕಿದರೆ ಕೆನೆಗಟ್ಟಿದ ಮೊಸರು. ಇವನ್ನೆಲ್ಲ ಹೇಗೋ ನುಂಗಿಕೊಂಡೆ. ನುಂಗಲಾಗದೆ ಗಂಟಲಲ್ಲಿ ನಿಂತದ್ದು ಬೆಕ್ಕಿನ ವಿಷಯ. ಅದರಲ್ಲೂ ಬೆಕ್ಕಿನ ಹೇಲಿನ ವಿಷಯ.

ನಾನು ಇಳಕಲ್ಲಿಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಗಂಡನ ಮನೆಯವರು ನೇಕಾರರು. ನಮ್ಮದೂ ಅದೇ ಕುಲವೇ, ಆದರೆ ನನ್ನ ಅಪ್ಪ ಎಂದೋ ಮಗ್ಗ ಬಿಟ್ಟು ಬಾದಾಮಿ ಸ್ಟೇಷನ್ ರಸ್ತೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ. ನಾನು ತಕ್ಕಡಿ ಹಿಡಿದು ಬೆಳೆದವಳು, ಲಾಳಿ ಹಿಡಿದು ಬೆಳೆದವಳಲ್ಲ. ಇಲ್ಲಿ ನೋಡಿದರೆ ಪಡಸಾಲೆ ತುಂಬ ಮಗ್ಗವೇ. ನೆಲದಲ್ಲಿ ತೊಡೆಯುದ್ದ ಕುಣಿ ತೋಡಿ, ಅದರ ಅಂಚಿನಲ್ಲಿ ಕೂತು, ಕಾಲು ಕುಣಿಯೊಳಗೆ ಇಳಿಬಿಟ್ಟು ತುಳಿಯುತ್ತ ನೇಯುವ ಮಗ್ಗ. ಅಂಥವು ಎರಡು. ಒಂದರಲ್ಲಿ ನನ್ನ ಮಾವ ಕೂರುತ್ತಿದ್ದರು, ಇನ್ನೊಂದರಲ್ಲಿ ಮೈದುನ. ನನ್ನ ಗಂಡ ಸೀರೆಯ ಗಂಟು ಹೊತ್ತು ಬಾಗಲಕೋಟೆಯ ಕಡೆ ವ್ಯಾಪಾರಕ್ಕೆ ಓಡಾಡುವವರು, ಅರ್ಧ ವಾರ ಊರಲ್ಲಿರುತ್ತಿರಲಿಲ್ಲ. ನನ್ನ ಪಾಲಿಗೆ ಬಂದದ್ದು ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತುವ ಕೆಲಸ. ಅದು ಮುದುಕಿಯರೂ ಮಕ್ಕಳೂ ಮಾಡುವ ಕೆಲಸ ಎಂದು ಯಾರೂ ನನಗೆ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ನನ್ನ ಹಿಂದೆ ಸ್ವಲ್ಪ ಕಾಲಕ್ಕೆ ನೆಗೆಣ್ಣಿ ಬಂದಳು. ಹುನಗುಂದದವಳು, ನೇಕಾರರ ಮನೆಯಲ್ಲೇ ಹುಟ್ಟಿದವಳು. ಬಂದ ತಿಂಗಳಲ್ಲೇ, ಮೈದುನ ಊಟಕ್ಕೆ ಎದ್ದಾಗ ಅವಳು ಹೋಗಿ ಮಗ್ಗದಲ್ಲಿ ಕೂತು ಸೆರಗಿನ ತೆನೆಯ ಚಿತ್ತಾರ ಹಾಕಿಬಿಟ್ಟಳು. ಇಳಕಲ್ ಸೀರೆಯ ಜೀವ ಇರುವುದೇ ಆ ಕೆಂಪು ಬಿಳಿಯ ಸೆರಗಿನಲ್ಲಿ. ಮಾವ ತಮ್ಮ ಮಗ್ಗ ನಿಲ್ಲಿಸಿ ಎದ್ದು ಬಂದು, ಬಾಗಿ ನೋಡಿ, "ಹೂಂ" ಎಂದರು. ಆ ಮನೆಯಲ್ಲಿ ಮಾವನ "ಹೂಂ" ಅಂದರೆ ಬೇರೆಯವರ ಮನೆಯ ಶಾಲು ಹಾರ ಇದ್ದಂತೆ. ನನಗೆ ಅದುವರೆಗೆ ಒಂದೂ ಸಿಕ್ಕಿರಲಿಲ್ಲ.

ಹೀಗಿರುವಾಗ ಇಲಿಗಳು ನನ್ನ ಕೈ ಹಿಡಿದವು. ನೇಯುವ ಹಾಸಿಗೆ, ಅಂದರೆ ಉದ್ದಕ್ಕೆ ಕಟ್ಟಿದ ನೂಲಿಗೆ, ಗಂಜಿ ಕುಡಿಸುತ್ತಾರೆ. ಗಂಜಿಯ ವಾಸನೆಗೆ ಇಲಿ ಬರುತ್ತವೆ, ಬಂದು ನೂಲು ಕಡಿಯುತ್ತವೆ. ಆ ವರ್ಷ ಮಾವನ ಮಗ್ಗದ ಹಾಸಿನಲ್ಲಿ ಇಲಿಗಳು ದಾರಿ ಮಾಡಿಕೊಂಡಿದ್ದವು. ಬೆಳಿಗ್ಗೆ ಎದ್ದು ಕಡಿದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕುತ್ತ ಮಾವ ಇಲಿಯ ಏಳು ತಲೆಮಾರನ್ನು ಬಯ್ಯುತ್ತಿದ್ದರು. ಅತ್ತೆ, "ಒಂದು ಬೆಕ್ಕರ ಇದ್ದಿದ್ರ," ಎಂದು ಗೊಣಗುವುದು, ಮಾವ, "ಮುಂಜಾನೆದ್ದು ಬೆಕ್ಕಿನ ಮುಖ ನೋಡ್ಲೇನು?" ಎಂದು ಗದರುವುದು ನಡೆದೇ ಇತ್ತು.

ನಾನು ಪಂಚಮಿಗೆ ತವರಿಗೆ ಹೋದಾಗ ನಮ್ಮ ಅಂಗಡಿಯ ಹಿಂದಿನ ಗೋಣಿಚೀಲಗಳ ಸಂದಿಯಲ್ಲಿ ಬೆಕ್ಕು ಮರಿ ಹಾಕಿತ್ತು. ಅದರಲ್ಲಿ ಬೂದಿ ಬಣ್ಣದ್ದೊಂದನ್ನು ಆರಿಸಿಕೊಂಡೆ. ಅವ್ವ ಅದನ್ನು ಬಟ್ಟೆಯ ಚೀಲದಲ್ಲಿ ಹಾಕಿ ಬಾಯಿ ಸಡಿಲವಾಗಿ ಕಟ್ಟಿ, "ದಾರಿ ತೋರಸಬ್ಯಾಡ. ದಾರಿ ಕಂಡ್ರ ಹೊಳ್ಳಿ ಬರ್ತೈತಿ," ಎಂದಳು. ನನ್ನನ್ನು ಕಳಿಸುವಾಗಲೂ ಯಾರಾದರೂ ಹಾಗೆ ಚೀಲದಲ್ಲಿ ಕಟ್ಟಿ ಕಳಿಸಿದ್ದರೆ ಒಳ್ಳೆಯದಿತ್ತು ಎಂದು ನನಗೆ ಅನ್ನಿಸಿತು. ಬಸ್ಸಿನಲ್ಲಿ ಬೆಕ್ಕಿನ ಮರಿ ದಾರಿಯುದ್ದ ಕೂಗಿತು, ಐಹೊಳೆ ಕ್ರಾಸಿನ ಹತ್ತಿರ ನನ್ನ ಮಡಿಲಲ್ಲಿ ಉಚ್ಚೆ ಹೊಯ್ದಿತು. ಮುಂದೆ ನಡೆಯುವುದಕ್ಕೆ ಅದೇ ಮುನ್ಸೂಚನೆ, ನನಗೆ ತಿಳಿಯಲಿಲ್ಲ. ಸೀರೆಯ ನೆರಿಗೆ ಮಡಚಿ ಒದ್ದೆ ಮುಚ್ಚಿಕೊಂಡು, ರಾಣಿಯ ಹಾಗೆ ಮನೆಗೆ ಇಳಿದೆ.

ನಾಲ್ಕು ದಿನ ನನ್ನ ರಾಜ್ಯವೇ. "ಹಿರೀ ಸೊಸಿ ತವರಮನಿಯಿಂದ ಬೆಕ್ಕ ತಂದಾಳ," ಎಂದು ಅತ್ತೆ ಓಣಿಯಲ್ಲಿ ಹೇಳಿಕೊಂಡು ಬಂದರು. ಮರಿಗೆ ಹಾಲು ಹಾಕುವವಳು ನಾನು, ರಾಟೆಯ ಹತ್ತಿರ ಹಳೆಯ ಕೌದಿಯ ತುಂಡು ಹಾಸಿ ಮಲಗಿಸುವವಳು ನಾನು. ಆ ಮನೆಯಲ್ಲಿ ಟ್ರಂಕು ಬಿಟ್ಟರೆ ನನ್ನದು ಅನ್ನುವಂಥದ್ದು ಅದೊಂದೇ. ನೆಗೆಣ್ಣಿ ಬಂದು ಬೆರಳಿನಿಂದ ಅದರ ಕೊರಳು ಕೆರೆದರೆ, "ಕೈ ಹಚ್ಚಬ್ಯಾಡ, ಇನ್ನೂ ಸಣ್ಣದೈತಿ," ಎಂದು ಎತ್ತಿಕೊಂಡುಬಿಡುತ್ತಿದ್ದೆ. ಅವಳು ನಗುತ್ತಿದ್ದಳು. ಆ ನಗುವೂ ನನಗೆ ಆಗುತ್ತಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಮಾವ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಮಗ್ಗಕ್ಕೆ ಕೈ ಮುಗಿದು, ಕುಣಿಯಲ್ಲಿ ಕಾಲು ಇಳಿಬಿಟ್ಟರು. ಇಳಿಬಿಟ್ಟವರು ಹಾಗೇ ಕೂತರು. ಮುಖ ಮಾತ್ರ ಬೇರೆಯಾಯಿತು. ಕುಣಿಯ ತಳ ಮೆತ್ತನೆಯ ಮಣ್ಣು, ನೂಲಿನ ಧೂಳು ಉದುರಿ ಇನ್ನಷ್ಟು ಮೆತ್ತಗೆ, ಕತ್ತಲೆ, ಬೆಚ್ಚಗೆ. ಬೆಕ್ಕಿನ ಮರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಡೀ ಇಳಕಲ್ಲಿನಲ್ಲಿ ಸಿಗುತ್ತಿರಲಿಲ್ಲ.

"ಇದೇನ ಇದು?" ಮಾವ ಕಾಲು ಮೇಲೆತ್ತಿ ಹಿಡಿದುಕೊಂಡು ಕೂಗಿದರು. "ಯಾರ ತಂದ್ರು ಇದನ್ನ?"

ಯಾರು ತಂದರೆಂದು ಎಲ್ಲರಿಗೂ ಗೊತ್ತಿತ್ತು. ಓಣಿಗೇ ಗೊತ್ತಿತ್ತು, ಅತ್ತೆಯೇ ಹೇಳಿ ಬಂದಿದ್ದರು. ನಾನು ನೀರು ತಂದು ಕಾಲು ತೊಳೆಸಿದೆ, ಕುಣಿಯ ಮೇಲುಮಣ್ಣು ಕೆತ್ತಿ ತೆಗೆದೆ, ಹೊಸ ಮಣ್ಣು ಹಾಕಿ ಸೆಗಣಿ ಸಾರಿಸಿದೆ. ಮರುದಿನ ಮತ್ತೆ ಅದೇ. ಅದರ ಮರುದಿನವೂ. ಒಂದು ದಿನ ಮೈದುನನ ಕುಣಿ, ಒಂದು ದಿನ ಮಾವನ ಕುಣಿ, ಬೆಕ್ಕಿಗೆ ಭೇದಭಾವ ಇರಲಿಲ್ಲ. ಕೊನೆಗೆ ಮಾವ ನನ್ನ ಕಡೆ ನೋಡದೆ, ಅತ್ತೆಯ ಕಡೆ ನೋಡುತ್ತ, ನನಗೆ ಹೇಳಿದರು:

"ಬರೂ ಅಮಾಸಿಗೆ ಮಗ್ಗದ ಪೂಜಾ ಐತಿ. ಅಷ್ಟರಾಗ ಅದು ಶಿಸ್ತ ಕಲೀಬೇಕು. ಇಲ್ಲಾಂದ್ರ ಚೀಲದಾಗ ಹಾಕಿ ಹೊಳಿ ಆಚೆ ಬಿಟ್ಟ ಬರ್ತೇನಿ. ಇದು ಮಗ್ಗದ ಮನಿ, ಬೆಕ್ಕಿನ ಪಾಯಖಾನಿ ಅಲ್ಲ."

"ಕಲಸ್ತೇನ್ರಿ ಮಾವಾರ," ಎಂದೆ. ಬೆಕ್ಕಿಗೆ ಏನಾದರೂ ಕಲಿಸಬಹುದೆಂದು ನಾನು ಅದುವರೆಗೆ ಕೇಳಿಯೂ ಇರಲಿಲ್ಲ.

ಚಿಮಣಿ ಎಣ್ಣೆಯ ಹಳೆಯ ತಗಡಿನ ಡಬ್ಬಿಯೊಂದನ್ನು ಉದ್ದಕ್ಕೆ ಕೊಯ್ಯಿಸಿ, ಅಂಚು ಬಡಿಸಿ, ತಟ್ಟೆಯಂಥದ್ದು ಮಾಡಿಸಿದೆ. ಹಳ್ಳದಿಂದ ಉಸುಕು ತಂದೆ. ಜರಡಿ ಹಿಡಿದೆ, ಕಲ್ಲು ಆರಿಸಿದೆ, ತೊಳೆದು ಬಿಸಿಲಿಗೆ ಒಣಗಿಸಿದೆ. ಮದುವೆ ಮನೆಯ ಅಕ್ಕಿಯನ್ನೂ ನಾನು ಅಷ್ಟು ಚೊಕ್ಕ ಮಾಡಿರಲಿಕ್ಕಿಲ್ಲ. ಡಬ್ಬಿಯನ್ನು ಹಿತ್ತಲ ಬಾಗಿಲ ಹತ್ತಿರ, ನೆಲ್ಲಿ ಗಿಡದಿಂದ ಗಾಳಿ ಬರುವ ಕಡೆ, ಮೂಲೆಯಲ್ಲಿ ಇಟ್ಟೆ. ಮರಿ ಹಾಲು ಕುಡಿದ ಕೂಡಲೇ ಎತ್ತಿ ಅದರಲ್ಲಿ ಕೂರಿಸುವುದು, ಅದರ ಮುಂಗಾಲು ಹಿಡಿದು ಉಸುಕು ಕೆದರಿಸುವುದು, "ಮಾಡು, ಮಾಡು," ಎಂದು ಕಾಯುವುದು. ಅದು ನನ್ನ ಮುಖವನ್ನೇ ನೋಡುತ್ತಿತ್ತು. ನಾನು ಅದರ ಮುಖವನ್ನೇ ನೋಡುತ್ತಿದ್ದೆ. ಇಬ್ಬರಿಗೂ ಬೇಸರವಾದ ಮೇಲೆ ಅದು ಹಾರಿ ಹೋಗುತ್ತಿತ್ತು.

ಒಮ್ಮೆ, ದೇವರ ದಯೆ, ಅದು ಡಬ್ಬಿಯಲ್ಲೇ ಉಚ್ಚೆ ಹೊಯ್ದಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವ್ವ ನಮಗೆ ಕಲಿಸಿದ್ದು ಒಂದೇ ಪಾಠ: ಹೊಲಸು ಕಂಡ ಜಾಗ ಗಳಿಗೆಯೂ ಹಾಗೆ ಇರಬಾರದು. ಉಸುಕೆಲ್ಲ ತಿಪ್ಪೆಗೆ ಚೆಲ್ಲಿ, ಡಬ್ಬಿಯನ್ನು ಬೂದಿ ಹುಣಸೆಹಣ್ಣು ಹಾಕಿ ತಿಕ್ಕಿ, ಸೆಗಣಿ ನೀರು ಚಿಮುಕಿಸಿ, ಬಿಸಿಲಲ್ಲಿ ಒಣಗಿಸಿ, ಹೊಸ ಉಸುಕು ತುಂಬಿ ಇಟ್ಟೆ. ಡಬ್ಬಿ ಫಳಫಳ ಹೊಳೆಯಿತು. ಮರಿ ಬಂದು ಮೂಸಿತು, ಒಳಗೆ ಇಳಿಯಿತು, ಒಂದು ಸುತ್ತು ತಿರುಗಿತು, ಸುರುಳಿಯಾಗಿ ಮಲಗಿ ನಿದ್ದೆ ಹೋಯಿತು. ಎದ್ದ ಮೇಲೆ ಸೀದಾ ಮಾವನ ಕುಣಿಗೆ ಹೋಗಿ ತನ್ನ ಕೆಲಸ ಮುಗಿಸಿ ಬಂತು.

"ಅಕ್ಕಾ, ನೀವು ಅದಕ್ಕ ಹಾಸಿಗಿ ಮಾಡಿ ಕೊಟ್ಟೀರಿ," ಎಂದು ನೆಗೆಣ್ಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆಯೂ ನಕ್ಕರು. ಅತ್ತೆ ನಕ್ಕದ್ದು ಹೆಚ್ಚು ಚುಚ್ಚಿತು.

ನಾನು ಹಟ ಬಿಡಲಿಲ್ಲ. ಇನ್ನೂ ಹೆಚ್ಚು ತಿಕ್ಕಿದೆ. ಇನ್ನೂ ಹೆಚ್ಚು ಜರಡಿ ಹಿಡಿದೆ. ಬಹುಶಃ ಬೆಕ್ಕಿಗೆ ಇನ್ನೂ ಹೊಲಸು ವಾಸನೆ ಬರುತ್ತಿರಬೇಕು, ಅದಕ್ಕೇ ಒಲ್ಲೆ ಅನ್ನುತ್ತದೆ ಎಂದು ಒಂದು ದಿನ ಡಬ್ಬಿಗೆ ಲೋಬಾನದ ಹೊಗೆಯನ್ನೂ ಹಾಕಿದೆ. ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಚಂದ್ರ ಸವೆಯುತ್ತ ಹೋದ ಹಾಗೆ ನನ್ನ ಕೈಯ ಚರ್ಮವೂ ಸವೆಯಿತು. ಮಾವ ಹಗ್ಗ ಕಟ್ಟಿದ ಒಂದು ಚೀಲವನ್ನು ಗೂಟಕ್ಕೆ ತೂಗುಹಾಕಿದ್ದರು. ರಾಟೆ ತಿರುಗಿಸುತ್ತ ಕೂತರೆ ಅದು ನನ್ನ ಕಣ್ಣೆದುರೇ.

ಆ ದಿನ ನಾನು ನೂಲು ತರಲು ಬಣ್ಣ ಹಾಕುವವರ ಮನೆಗೆ ಹೋಗಿದ್ದೆ. ಅವರು ನಮ್ಮ ಓಣಿಯ ಕೊನೆಯ ಮುಸಲ್ಮಾನರ ಮನೆಯವರು. ಮನೆಯ ಹಿಂದೆ ದೊಡ್ಡ ಹಂಡೆಗಳಲ್ಲಿ ನೂಲು ಕುದಿಸುತ್ತಿದ್ದರು. ನೂಲು ಇನ್ನೂ ಹಸಿ ಇದೆ ಎಂದು ಅವರು ಕೂರಿಸಿ ಚಹಾ ಕೊಟ್ಟರು, ತಡವಾಯಿತು. ಬಿಸಿಲಲ್ಲಿ ತಲೆ ಮೇಲೆ ಸೆರಗು ಎಳೆದುಕೊಂಡು ಮನೆಗೆ ಬಂದು ಹಿತ್ತಲ ಕಡೆ ಹೋದರೆ, ನನ್ನ ಹೊಳೆಯುವ ಡಬ್ಬಿಯಲ್ಲಿ ನನ್ನ ಚೊಕ್ಕ ಉಸುಕಿನ ಮೇಲೆ ಯಾರೋ ಕುಣಿಯ ಕರಿಮಣ್ಣು ಸುರಿದಿದ್ದರು. ನೂಲಿನ ಧೂಳು, ಹಳೆಯ ಹೊಲಸು, ಎಲ್ಲ ಅದರಲ್ಲೇ. ಅದರ ನಡುವೆ ನನ್ನ ಬೆಕ್ಕಿನ ಮರಿ ಹಿಂಗಾಲು ಮಡಚಿ, ಬಾಲ ನೆಟ್ಟಗೆ ಮಾಡಿ, ಪಂಚಾಯಿತಿ ಹಿರಿಯರ ಗಾಂಭೀರ್ಯದಲ್ಲಿ ಕೂತಿತ್ತು.

ನಾನು ಉಸಿರು ಬಿಗಿಹಿಡಿದು ನಿಂತೆ. ಅದು ಮುಗಿಸಿತು. ತಿರುಗಿ ಮೂಸಿತು. ಮುಂಗಾಲಿನಿಂದ ಮಣ್ಣು ಎಳೆದು ಎಳೆದು ಚೆನ್ನಾಗಿ ಮುಚ್ಚಿತು.

"ಯಾರ ಹಾಕಿದ್ದ ಇದರಾಗ ಮಣ್ಣ?" ಎಂದು ಕೇಳಿದೆ.

ನೆಗೆಣ್ಣಿ ಒಳಗೆ ತಂಪು ಕಲ್ಲಿನ ಮೇಲೆ ಸೆರಗು ಹಾಸಿ ಮಲಗಿದ್ದಳು. ಏಳದೆ ಹೇಳಿದಳು: "ನಾನ್ರಿ ಅಕ್ಕಾ. ಅತ್ತ್ಯಾರು ಕುಣಿ ಬಳದು ತಿಪ್ಪಿಗೆ ಹಾಕು ಅಂದ್ರು. ಬಿಸಲು ಭಾಳಿತ್ತು, ತಿಪ್ಪಿತನಾ ಯಾರ ಹೋಗ್ತಾರ ಅಂತ ಅದರಾಗ ಸುರವಿದ್ನಿ. ಸಂಜಿಕೆ ಚೆಲ್ತೇನಿ ತಗೋರಿ."

ಚೆಲ್ಲುವ ಮಾತೇ ಬರಲಿಲ್ಲ. ಅಷ್ಟರಲ್ಲಿ ಅತ್ತೆ ಬಂದು ನೋಡಿದರು, ಮಾವನನ್ನು ಕರೆದರು. ಮಾವ ಮಗ್ಗದಿಂದ ಎದ್ದು ಬಂದರು. ಸಂಜೆ ಮತ್ತೆ ಬೆಕ್ಕಿನ ಮರಿ ಎಲ್ಲರ ಕಣ್ಣೆದುರೇ ನಡೆದು ಹೋಗಿ ಡಬ್ಬಿ ಹತ್ತಿತು. ಮಾವ ನೋಡಿ, "ಹೂಂ" ಎಂದರು. ನನ್ನ ಕಡೆ ನೋಡಿ ಅಲ್ಲ.

"ಸಣ್ಣಾಕಿ ಕೈಗುಣ ಅಂದ್ರ ಕೈಗುಣ," ಎಂದರು ಅತ್ತೆ. "ಮೂಕ ಜೀವಕ್ಕೂ ತಿಳಿತೈತಿ ನೋಡು."

ಕೈಗುಣವಂತೆ. ಸೋಮಾರಿತನಕ್ಕೆ ಅದು ಹೊಸ ಹೆಸರು. ದುಡಿದವಳು ಒಬ್ಬಳು, ಹೆಸರು ಹೊತ್ತವಳು ಇನ್ನೊಬ್ಬಳು. ಬಾದಾಮಿಯಿಂದ ಮಡಿಲಲ್ಲಿ ಉಚ್ಚೆ ಹೊಯ್ಯಿಸಿಕೊಂಡು ತಂದವಳು ನಾನು. ಡಬ್ಬಿ ನನ್ನದು, ಉಸುಕು ನನ್ನದು, ಸವೆದ ಚರ್ಮ ನನ್ನದು. ಅವಳು ಮಾಡಿದ್ದು ಏನು, ಬಿಸಿಲಿಗೆ ಹೆದರಿ ಮಲಗಿದ್ದು. ಬೆಕ್ಕು ಉಳಿಯಿತಲ್ಲ ಎಂದು ಸಂತೋಷ ಪಡಬೇಕಿತ್ತು. ಪಟ್ಟೆ, ಆದರೆ ಬಾಯಿಗೆ ಕಹಿ ಮೆತ್ತಿಕೊಂಡೇ ಪಟ್ಟೆ.

ಮರುದಿನ ಬೆಳಿಗ್ಗೆ ಡಬ್ಬಿ ನೋಡಲಾಗದಷ್ಟು ಹೊಲಸಾಗಿತ್ತು. ನಾನು ಎಂದಿನ ಹಾಗೆ ಎತ್ತಿಕೊಂಡು ಹೋಗಿ ಪೂರ್ತಿ ಚೆಲ್ಲಿ, ತಿಕ್ಕಿ, ಸೆಗಣಿ ನೀರು ಚಿಮುಕಿಸಿ, ಹೊಸ ಉಸುಕು ತುಂಬಿದೆ. ಬೆಕ್ಕು ಮೂಸಿತು, ಮುಖ ತಿರುಗಿಸಿತು, ಕುಣಿಗೆ ಹೋಯಿತು. ಈ ಸಲ ಮಾವ ಕೂಗಲಿಲ್ಲ. ತಣ್ಣಗೆ ಹೇಳಿದರು:

"ಇನ್ನ ಆ ಡಬ್ಬಿಗೆ ಹಿರೀಯಾಕಿ ಕೈ ಹಚ್ಚೂದು ಬ್ಯಾಡ. ಸಣ್ಣಾಕಿ ನೋಡ್ಕೊಳ್ಳಲಿ."

ಹೀಗೆ ಬೆಕ್ಕಿನ ಹೇಲು ಬಳಿಯುವ ಕೆಲಸವನ್ನು ನನ್ನ ಕೈಯಿಂದ ಕಿತ್ತುಕೊಂಡು ಅವಳಿಗೆ ಕೊಟ್ಟರು. ನಾನು ಅದಕ್ಕೂ ಹೊಟ್ಟೆ ಉರಿದುಕೊಂಡೆ. ಲೋಕದಲ್ಲಿ ಬಂಗಾರಕ್ಕೆ ಉರಿದುಕೊಂಡವರಿದ್ದಾರೆ, ಜರಿ ಸೀರೆಗೆ ಉರಿದುಕೊಂಡವರಿದ್ದಾರೆ. ಮೋಟು ಸಲಿಕೆ ಹಿಡಿದು ಹಿತ್ತಲಿಗೆ ಹೋಗುವ ನೆಗೆಣ್ಣಿಯ ಬೆನ್ನು ನೋಡಿ ಉರಿದುಕೊಂಡವಳು ನಾನೊಬ್ಬಳೇ ಇರಬೇಕು. ಅವಳು ಹೋಗಿ, ಅರ್ಧ ತೆಗೆದು ಅರ್ಧ ಬಿಟ್ಟು, ಮೇಲೆ ಒಂದಿಷ್ಟು ಒಣ ಮಣ್ಣು ಉದುರಿಸಿ ಬಂದುಬಿಡುತ್ತಿದ್ದಳು. ತಿಕ್ಕುವುದಿಲ್ಲ, ತೊಳೆಯುವುದಿಲ್ಲ. ಬೆಕ್ಕು ಅದನ್ನೇ ಬಯಸಿತು.

ಬಯಸಿದ್ದು ಡಬ್ಬಿಯನ್ನಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಬರಬರುತ್ತ ಅದು ಅವಳನ್ನೇ ಬಯಸಿತು. ಅವಳು ಮಗ್ಗದಲ್ಲಿ ಕೂತರೆ ಕುಣಿಯೊಳಗೆ ಇಳಿದು ಅವಳ ಪಾದದ ಮೇಲೆ ಮಲಗುವುದು. ಅವಳು ತುಳಿದಂತೆಲ್ಲ ಮೇಲೆ ಕೆಳಗೆ ಆಡುತ್ತ, ತೊಟ್ಟಿಲಲ್ಲಿದ್ದ ಕೂಸಿನ ಹಾಗೆ ಕಣ್ಣು ಮುಚ್ಚುವುದು. ಬೆಳೆದು ದೊಡ್ಡದಾಗಿ ಮೊದಲ ಇಲಿ ಹಿಡಿದಾಗ ಅದನ್ನು ಕಚ್ಚಿಕೊಂಡು ಪಡಸಾಲೆಯೆಲ್ಲ ದಾಟಿ, ನನ್ನ ರಾಟೆಯನ್ನೂ ದಾಟಿ, ಅವಳ ಮುಂದೆ ಇಟ್ಟಿತು. ನಾನು "ಪುಸ್ ಪುಸ್" ಎಂದು ಕರೆದರೆ ಒಂದು ಕಿವಿ ಮಾತ್ರ ನನ್ನ ಕಡೆ ತಿರುಗಿಸುತ್ತಿತ್ತು. ಹಾಲು ಹಾಕುವವಳು ಮಾತ್ರ ಈಗಲೂ ನಾನೇ. ಕುಡಿದು, ಮೀಸೆ ನೆಕ್ಕಿ, ಅವಳ ಹತ್ತಿರ ಹೋಗುತ್ತಿತ್ತು. ಕೆನೆಯನ್ನೂ ಹಾಕಿ ನೋಡಿದೆ. ಕೆನೆ ಉಂಡು ಹೋಯಿತು.

ಬಣ್ಣದ ಮನೆಯಾಕೆ ಒಂದು ದಿನ ನಮ್ಮ ಬಾಗಿಲಿಗೆ ಬಂದು, "ನಮ್ಮನ್ಯಾಗೂ ಒಂದು ಮರಿ ತಂದೇವ್ರಿ. ಹಂಡೆದ ಒಲಿ ಬೂದ್ಯಾಗ ಹೊಲಸ ಮಾಡಾಕತ್ತೈತಿ. ನಿಮ್ಮ ಸಣ್ಣವ್ವನ ಕಳಸ್ರಿ, ಕೈಗುಣ ಭಾಳ ಚಲೋ ಐತಂತಲ್ಲ," ಎಂದರು. ಬಾಗಿಲಲ್ಲಿ ನಿಂತಿದ್ದವಳು ನಾನು. "ಕಳಸ್ತೇನ್ರಿ," ಎಂದೆ. ಒಳಗೆ ಹೋಗಿ ರಾಟೆ ತಿರುಗಿಸಿದ ರಭಸಕ್ಕೆ ನೂಲು ಹರಿಯಿತು.

ವರ್ಷಗಳು ಹೀಗೆ ಹೋದವು. ನಮಗಿಬ್ಬರಿಗೂ ಮಕ್ಕಳಾದವು, ಅದರಲ್ಲಿ ನಾವು ಸಮ ಸಮ, ಆ ಮಾತು ಇಲ್ಲಿ ಬೇಡ. ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಮೈದುನ ಹುನಗುಂದದಲ್ಲಿ ಸ್ವಂತ ಮಗ್ಗ ಹೂಡುವುದೆಂದು ತೀರ್ಮಾನವಾಯಿತು. ಜಗಳವಿಲ್ಲ, ಮುನಿಸಿಲ್ಲ. ಮನೆ ಸಾಲುತ್ತಿರಲಿಲ್ಲ, ಅಷ್ಟೇ. ಹಿತ್ತಾಳೆ ಕೊಡ, ಹಂಡೆ, ಕೌದಿ, ಅವನ ಮಗ್ಗದ ಸಾಮಾನು, ಯಾವುದು ಯಾರಿಗೆ ಎಂದು ಅತ್ತೆ ಕೂತು ಹಂಚಿದರು. ಬೆಕ್ಕಿನ ಮಾತು ಯಾರೂ ಎತ್ತಲಿಲ್ಲ. ನಾನು ಮಾತ್ರ ಒಳಗೊಳಗೇ ಕತ್ತಿ ಮಸೆದಿದ್ದೆ. ಅವಳು ಅದನ್ನು ಎತ್ತಿಕೊಳ್ಳಲಿ, ಆಗ ಹೇಳುತ್ತೇನೆ: ಇದನ್ನು ತಂದವಳು ಯಾರು, ಇದರ ಡಬ್ಬಿ ಕೊಯ್ಯಿಸಿದವಳು ಯಾರು, ಇಷ್ಟು ವರ್ಷ ಹಾಲು ಹೊಯ್ದವಳು ಯಾರು. ಮಾತುಗಳನ್ನು ಒಂದರ ಹಿಂದೆ ಒಂದು ಜೋಡಿಸಿ ಬಾಯಿಪಾಠ ಮಾಡಿದ್ದೆ. ಓಣಿಯವರೆಲ್ಲ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳುವುದೆಂದೂ ನಿಶ್ಚಯಿಸಿದ್ದೆ.

ಟೆಂಪೋ ಬಂತು. ಸಾಮಾನು ಏರಿತು. ನೆಗೆಣ್ಣಿ ಅತ್ತೆ ಮಾವನ ಕಾಲಿಗೆ ಬಿದ್ದಳು, ನನ್ನ ಕಾಲಿಗೂ ಬಿದ್ದಳು. ಆಮೇಲೆ ಬೆಕ್ಕನ್ನು ಎತ್ತಿಕೊಂಡಳು. ನಾನು ಗಂಟಲು ಸರಿ ಮಾಡಿಕೊಂಡೆ. ಅವಳು ಅದನ್ನು ತಂದು ನನ್ನ ಕೈಯಲ್ಲಿ ಇಟ್ಟಳು.

"ಇದು ನಿಮ್ಮದ್ರಿ ಅಕ್ಕಾ. ನಿಮ್ಮ ತವರಮನೀದು. ನಾ ಹ್ಯಾಂಗ ಒಯ್ಯಲಿ?"

ಬಾಯಿಪಾಠ ಮಾಡಿದ ಮಾತೆಲ್ಲ ಬಾಯಲ್ಲೇ ಉಳಿಯಿತು. ನನ್ನದನ್ನು ನನಗೇ ಅವಳು ದಾನ ಮಾಡಿದಂತಾಯಿತು. ಕಸಿದುಕೊಂಡಿದ್ದರೆ ಜಗಳವಾಡಬಹುದಿತ್ತು. ಕೊಟ್ಟವಳ ಮೇಲೆ ಏನೆಂದು ಕೂಗುವುದು? ಬೆಕ್ಕು ನನ್ನ ಕೈಯಲ್ಲಿ ಒದ್ದಾಡಿ ಅವಳ ಕಡೆ ಜಿಗಿಯಲು ನೋಡಿತು. ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಅವಳು ಒಂದು ಹೆಜ್ಜೆ ಹೋಗಿ ತಿರುಗಿ ಬಂದಳು. ದನಿ ತಗ್ಗಿಸಿ, "ಡಬ್ಬಿ ಪೂರಾ ತೊಳೀಬ್ಯಾಡ್ರಿ ಅಕ್ಕಾ. ಒಂದ ಮುಷ್ಟಿ ಹಳೇ ಮಣ್ಣ ಉಳಸ್ರಿ. ತನ್ನ ವಾಸನಿ ಇಲ್ಲಂದ್ರ ಅದು ಒಲ್ಲೆ ಅಂತೈತಿ," ಎಂದಳು.

"ಇದು ನಿನಗ ಯಾರ ಹೇಳಿದ್ರು?"

"ನಮ್ಮವ್ವನ ಮನ್ಯಾಗ ಬೆಕ್ಕು ಇದ್ವಲ್ರಿ. ಸಣ್ಣಾಕಿ ಇದ್ದಾಗಿಂದ ಗೊತ್ತು."

"ಮತ್ತ ಅವತ್ತ ಬಿಸಲು, ತಿಪ್ಪಿ ಅಂದಿ?"

ಅವಳು ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ಅವತ್ತ ನಾ ಹೇಳಿದ್ರ ನೀವು ಕೇಳ್ತಿದ್ರೇನ್ರಿ? ಅಮಾಸಿ ಹತ್ರ ಬಂದಿತ್ತು. ಮಾವಾರು ಚೀಲ ಬ್ಯಾರೆ ಕಟ್ಟಿದ್ರು."

ಟೆಂಪೋ ಹೋಯಿತು. ಇಷ್ಟು ವರ್ಷ ಅವಳ ವಿಷಯದಲ್ಲಿ ನನಗಿದ್ದ ಒಂದೇ ಸಮಾಧಾನ ಅವಳು ಸೋಮಾರಿ ಅನ್ನುವುದು. ಅದನ್ನೂ ಆ ಟೆಂಪೋದಲ್ಲಿ ಹಾಕಿಕೊಂಡು ಹೋದಳು.

ಬೆಕ್ಕು ಕೆಲವು ದಿನ ಮನೆಯೆಲ್ಲ ಹುಡುಕಿತು. ಮೈದುನನ ಮಗ್ಗ ಹೋಗಿ ಬರೀ ಕುಣಿ ಉಳಿದಿತ್ತಲ್ಲ, ಅದರಲ್ಲಿ ಇಳಿದು ಕೂತು ಕೂಗುತ್ತಿತ್ತು. ಡಬ್ಬಿ ಬಿಟ್ಟು ಅಲ್ಲೇ ಹೊಲಸು ಮಾಡಿತು. ಆಗ ನಾನು ಒಂದು ಕೆಲಸ ಮಾಡಿದೆ. ಕುಣಿಗೆ ಇಳಿದು, ಅದು ಕೆಡಿಸಿದ ಮಣ್ಣನ್ನು ಒಂದು ಮುಷ್ಟಿ ತೆಗೆದು ಡಬ್ಬಿಗೆ ಹಾಕಿದೆ. ಆ ಡಬ್ಬಿಯನ್ನು ತಿಕ್ಕಬೇಕೆಂದು ಕೈ ತುರಿಸುತ್ತಿತ್ತು. ತಿಕ್ಕಲಿಲ್ಲ. ಬೆಕ್ಕು ಸಂಜೆಗೇ ಬಂದು ಡಬ್ಬಿ ಹತ್ತಿತು. ನೋಡಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೂ ಅದು ಅವಳ ಉಪಾಯವೇ ತಾನೆ.

ಆ ಕುಣಿಯನ್ನು ಮುಚ್ಚಿಸಿ ಮಾವ ಅಲ್ಲಿ ಕಲ್ಲು ಹಾಸಿಸಿದರು. ಬೆಕ್ಕಿಗೆ ಕೂರಲು ಬೇರೆ ಜಾಗ ಇರಲಿಲ್ಲ, ಬೇರೆ ಮಡಿಲೂ ಇರಲಿಲ್ಲ. ಮೊದಲು ರಾಟೆಯಿಂದ ದೂರ ಕೂತಿತು, ಆಮೇಲೆ ಹತ್ತಿರ, ಚಳಿಗಾಲ ಬಂದ ಮೇಲೆ ನನ್ನ ತೊಡೆಯ ಮೇಲೆ. "ನಾಯಿ ಮಂದೀನ ನೋಡ್ತೈತಿ, ಬೆಕ್ಕು ಮನೀನ ನೋಡ್ತೈತಿ," ಎಂದರು ಅತ್ತೆ. ನನಗೆ ಆ ಮಾತು ಸೇರಲಿಲ್ಲ. ಮನೆಯನ್ನಲ್ಲ, ನನ್ನನ್ನು ನೋಡಿ ಬಂದಿದೆ ಎಂದು ಒಬ್ಬರಾದರೂ ಹೇಳಬಾರದೇ? ನಾನು ರಾಟೆ ತಿರುಗಿಸುವಾಗ ಅದು ಗುರ್ ಗುರ್ ಅನ್ನುತ್ತಿತ್ತು, ಅದರ ದನಿ ನನ್ನ ಹೊಟ್ಟೆಯವರೆಗೂ ಬರುತ್ತಿತ್ತು. ಎಷ್ಟೋ ವರ್ಷ ಉರಿದ ಜಾಗದಲ್ಲಿ ಈಗ ಆ ಬಿಸುಪು. ಹಿಡಿದ ಇಲಿಯನ್ನು ತಂದು ನನ್ನ ಮುಂದೆ ಇಟ್ಟ ದಿನ ನಾನು ಅತ್ತೆಯನ್ನು ಕರೆದು ತೋರಿಸಿದೆ, ಮಾವನನ್ನೂ ಕರೆದೆ. ಮಾವ ಮಗ್ಗದಿಂದ ಏಳಲಿಲ್ಲ.

ಎರಡು ವರ್ಷದ ಮೇಲೆ ದೀಪಾವಳಿಗೆ ಅವರು ಬಂದರು. ನಡುವೆ ಮೈದುನನೊಬ್ಬನೇ ಬಂದು ಹೋಗುತ್ತಿದ್ದ, ಅವಳು ಬಂದಿದ್ದು ಅದೇ ಮೊದಲು. ಸ್ವಲ್ಪ ಸೊರಗಿದ್ದಳು. ಒಳಗೆ ಬಂದವಳು ನೀರು ಕುಡಿಯುವ ಮೊದಲೇ, "ಬೆಕ್ಕ ಎಲ್ಲೈತ್ರಿ ಅಕ್ಕಾ?" ಎಂದು ಕೇಳಿದಳು. ಬೆಕ್ಕು ನನ್ನ ತೊಡೆಯ ಮೇಲಿತ್ತು. ಅವಳು ಎದುರಿಗೆ ಕೂತು ಕೈ ಚಾಚಿ, ಮೊದಲಿನ ಹಾಗೇ ನಾಲಿಗೆ ಲೊಚಗುಟ್ಟಿ ಕರೆದಳು. ಬೆಕ್ಕು ತಲೆ ಎತ್ತಿ ನೋಡಿತು. ಅವಳ ಬೆರಳು ಮೂಸಿತು. ಮತ್ತೆ ತಲೆ ಇಳಿಸಿ ನನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡಿತು.

ಚಾಚಿದ ಕೈಯನ್ನು ಅವಳು ಕೂಡಲೇ ಹಿಂದೆ ತೆಗೆದುಕೊಳ್ಳಲಿಲ್ಲ. ಅವಳ ಮುಖದಲ್ಲಿ ಒಂದು ನಗು ಇತ್ತು, ನಗುವಿನ ಕೆಳಗೆ ಇನ್ನೊಂದು ಇತ್ತು. ಅದು ಏನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎಷ್ಟೋ ವರ್ಷ ನಾನು ಅದನ್ನೇ ತೊಟ್ಟು ತಿರುಗಿದ್ದೆ.

"ಮರತೈತಿ," ಎಂದಳು.

"ಬೆಕ್ಕಿನ ಜಾತಿ. ಅದಕ್ಕೇನ ನೆನಪು ಇರ್ತೈತಿ," ಎಂದೆ. ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಸಂತೋಷವಾಯಿತು. "ತಗೋ, ಎತ್ತಿಕೋ," ಎಂದು ಬೆಕ್ಕನ್ನು ಎತ್ತಿ ಅವಳ ತೊಡೆಯ ಮೇಲೆ ಇಟ್ಟೆ. ಅದು ಒಂದು ಗಳಿಗೆ ಕೂತು, ಇಳಿದು, ನನ್ನ ಹತ್ತಿರ ಬಂತು. ಮತ್ತೊಮ್ಮೆ ಎತ್ತಿ ಇಟ್ಟೆ. ಮತ್ತೆ ಇಳಿದು ಬಂತು. ಅವಳಿಗೆ ಪ್ರೀತಿಯಿಂದ ಕೊಡುತ್ತಿದ್ದೆನೋ, ಅದು ಇಳಿದು ಬರುವುದನ್ನು ಇನ್ನೊಮ್ಮೆ ನೋಡಬೇಕೆಂದು ಇಡುತ್ತಿದ್ದೆನೋ, ಇವತ್ತು ಕೇಳಿದರೂ ನನಗೆ ಉತ್ತರ ಗೊತ್ತಿಲ್ಲ. ಅವಳಿಗೆ ಗೊತ್ತಿತ್ತು ಅನ್ನಿಸುತ್ತದೆ. ಮತ್ತೆ ಎತ್ತಲು ಹೋದಾಗ ನನ್ನ ಕೈ ಮೇಲೆ ಕೈ ಇಟ್ಟಳು.

"ಸಾಕ ಬಿಡ್ರಿ ಅಕ್ಕಾ," ಎಂದಳು.